ಮಂಜಿಗೆ ಹಿಡಿದ ಫಿಲ್ಮು

ಮಡಿಕೇರೀಲಿ ಡಾಕ್ಟರಿಕೆ ಓದಿದ ನಮಗೆಲ್ಲ ಮಳೆಗಾಲ ಅಂದ್ರೆ ಒಣಗದ ಏಪ್ರನ್ನು, ಹೋಗಿ ಬರೋ ಕರೆಂಟು. ರೇಡಿಯಾಲಜಿ, ಅಂದ್ರೆ ಎಕ್ಸ್‌ರೇ ವಿಭಾಗದ ಪೋಸ್ಟಿಂಗಲ್ಲಿ ಕರೆಂಟ್ ಹೋದ್ರೂ ಸರ್ ಕ್ಲಾಸ್ ಬಿಡ್ತಿರ್ಲಿಲ್ಲ, ಹಳೇ ಎಕ್ಸ್‌ರೇ ಫಿಲ್ಮ್ ಇಟ್ಕೊಂಡಿದ್ದ ಕವರ್ ತಗೊಂಡು ಕಿಟಕಿ ಹತ್ರ ಹೋಗೋರು, ಆಚೆ ಮಂಜು ಬೆಳ್ಳಗೆ ನಿಂತಿರ್ತಿತ್ತಲ್ಲ, ಅದಕ್ಕೆ ಎದುರಾಗಿ ಹಿಡಿದ್ರೆ ಫಿಲ್ಮ್ ನೋಡೋ ಲೈಟಿನ ವ್ಯೂ ಬಾಕ್ಸೇ ಬೇಡ ಅನ್ನಿಸ್ತಿತ್ತು.

ಮೊದ್ಲು ಮಗುವಿನ ಮಣಿಕಟ್ಟು. ಮುಂಗೈಯ ಎರಡು ಮೂಳೆ, ರೇಡಿಯಸ್, ಅಲ್ನಾ ತುದಿ ಬಟ್ಟಲಿನ ಹಾಗೆ ಒಳಗೆ ಗುಳಿಬಿದ್ದು, ಅಂಚು ಹರಿದ ಬಟ್ಟೆ ಥರ ಎಳೆಎಳೆ. ರಿಕೆಟ್ಸ್, ವಿಟಮಿನ್ ಡಿ ಸಾಲದೆ ಮಕ್ಕಳ ಮೂಳೆ ಮೆತ್ತಗಾಗೋ ರೋಗ. ಅದನ್ನ ಎಲ್ರೂ ಹೇಳಿಬಿಡ್ತಿದ್ವಿ.

ದೊಡ್ಡವರ ಫಿಲ್ಮೇ ಕಷ್ಟ. ಒಂದಿನ ಸೊಂಟದ ಫಿಲ್ಮ್ ಕೊಟ್ರು, ನಾನು ನೋಡಿ "ಫ್ರಾಕ್ಚರ್ ಇಲ್ಲ ಸರ್, ನಾರ್ಮಲ್" ಅಂದೆ. ಸರ್ ಮಾತಾಡ್ಲಿಲ್ಲ, ಪೆನ್ನಿನ ತುದಿ ತೊಡೆಮೂಳೆ ಕತ್ತಿನ ಒಳಬದಿಗೆ ಇಟ್ರು. ಅಂಚಿಗೆ ಅಡ್ಡವಾಗಿ ಸಣ್ಣ ಕಪ್ಪು ಪಟ್ಟಿ. ಪೆನ್ನು ಇನ್ನೊಂದು ಕಾಲಿಗೆ ಹೋಯ್ತು, ಅಲ್ಲೂ ಅದೇ. "ಬಿದ್ದು ಮುರಿದ್ರೆ ಎರಡೂ ಕಡೆ ಒಂದೇ ಜಾಗದಲ್ಲಿ ಮುರೀತದಾ ಮಾರಾಯ?" ಲೂಸರ್ ಜೋನ್ ಅಂತಾರೆ ಇದಕ್ಕೆ, ಆಸ್ಟಿಯೋಮಲೇಶಿಯಾ, ಅಂದ್ರೆ ವಿಟಮಿನ್ ಡಿ ಸಾಲದೆ ಮೂಳೆಗೆ ಕ್ಯಾಲ್ಸಿಯಂ ಸರಿಯಾಗಿ ಕೂತಿರಲ್ಲ. ಆ ಹೆಂಗಸು ತೋಟದ ಕೆಲಸದವರ ಲೈನ್ ಮನೆಯವರು, ಎರಡು ವರ್ಷ ಸೊಂಟನೋವು ಅಂತ ನೋವಿನ ಮಾತ್ರೆ ನುಂಗಿದ್ರಂತೆ, ಒಬ್ರೂ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್, ಅಂದ್ರೆ ಈ ರೋಗದಲ್ಲಿ ಏರೋ ಎಂಜೈಮಿನ ಪರೀಕ್ಷೆ ಮಾಡಿಸಿರ್ಲಿಲ್ಲ. ಅದು ಕೇಳಿ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ.

ಆಮೇಲೆ ಡಯಾಲಿಸಿಸ್‌ನವರ ಕೈ ಫಿಲ್ಮ್ ತೋರಿಸಿದ್ರು, ತೋರುಬೆರಳು, ನಡುಬೆರಳಿನ ಮಧ್ಯದ ಮೂಳೇಲಿ ಹೆಬ್ಬೆರಳ ಕಡೆ ಅಂಚು ಇಲಿ ಕಡಿದ ಹಾಗೆ, ಕಿಡ್ನಿ ಕೆಟ್ಟು ಪ್ಯಾರಾಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿ ಮೂಳೆ ಕರಗಿದ್ದು. ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಸವೆತದ ಬಗ್ಗೆ ಮಾತ್ರ ಎಚ್ಚರಿಸಿದ್ರು, ಮೂಳೆ ಶೇ. 30ರಷ್ಟು ಹೋಗೋವರೆಗೂ ಎಕ್ಸ್‌ರೇಲಿ ಗೊತ್ತೇ ಆಗಲ್ಲ, ಅದಕ್ಕೆ ಮೂಳೆಯ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನೇ ಬೇಕು.

ಹೋದ ವರ್ಷ ನನ್ನ ಓಪಿಡಿಗೆ ಒಬ್ರು ಅಜ್ಜಿ ಗೋಡೆ ಹಿಡ್ಕೊಂಡು, ಬಾತುಕೋಳಿ ಥರ ವಾಲ್ತಾ ಬಂದ್ರು, ಕೈಲಿ "ನಾರ್ಮಲ್" ಅಂತ ಬರೆದ ಹಳೇ ರಿಪೋರ್ಟು. ಫಿಲ್ಮ್ ತೆಗೆದು ಸೀದಾ ತೊಡೆಮೂಳೆ ಕತ್ತಿನ ಒಳಬದಿ ನೋಡಿದೆ, ಎರಡೂ ಕಡೆ ಅದೇ ಪಟ್ಟಿ ಇತ್ತು. ವಿಟಮಿನ್ ಡಿ, ಕ್ಯಾಲ್ಸಿಯಂ ಶುರು ಮಾಡಿದ್ವಿ. ಆರು ತಿಂಗಳಾದ್ಮೇಲೆ ಇನ್ನೊಂದು ಫಿಲ್ಮ್ ತೆಗೆಸಿ ಕಿಟಕಿಗೆ ಹಿಡಿದೆ, ಪಟ್ಟಿ ಇದ್ದ ಜಾಗ ತುಂಬ್ಕೊಂಡು ಬೆಳ್ಳಗಾಗಿತ್ತು.