ಬಾಣ ಇಲ್ಲದ ಹೆಡ್‌ಲೈಟು

2022 ನವೆಂಬರ್ 26, ಶನಿವಾರ, ಹಾಸನ

ಬೆಳಗ್ಗಿನ ಶಾಲೆ. ಸಂವಿಧಾನ ದಿನ ಅಂತ ಪ್ರಾರ್ಥನೆ ಹೊತ್ತಿನಲ್ಲಿ ಮಕ್ಕಳಿಂದ ಪ್ರಸ್ತಾವನೆ ಓದಿಸಿ, ಎರಡು ಪೀರಿಯಡ್ ಮುಗಿಸಿ, ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಫೋನು ಬಂತು. ಕಾರಿನ ಹೆಡ್‌ಲೈಟಿನ ದೂರಿಗೆ ಅಂತ ಇಪ್ಪತ್ತು ದಿನದಿಂದ ನಾನು ಮಾಡಿ ಮಾಡಿ ಸಾಕಾಗಿದ್ದ ಆನ್‌ಲೈನ್ ಅಂಗಡಿಯ ನಂಬರಿನವರು ಇವತ್ತು ತಾವಾಗಿಯೇ ಮಾಡಿದ್ದರು. ಮೊದಲು ಹಿಂದಿ, ಆಮೇಲೆ ಐದು ನಿಮಿಷ ಪೀಪಿ ಸಂಗೀತ, ಆಮೇಲೆ ಕನ್ನಡ ಬರುವ ಹುಡುಗ. ಪರವಾಗಿಲ್ಲವಲ್ಲ ಅಂದುಕೊಳ್ಳುವಷ್ಟರಲ್ಲಿ ಕೇಳಿದ: "ಮೇಡಂ, ಮನೇಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ? ಇದು ಸ್ವಲ್ಪ ಟೆಕ್ನಿಕಲ್ ವಿಷಯ."

ಗಂಡಸರು ಇದ್ದರು. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕಾರಿನ ಬಾನೆಟ್ ಎತ್ತುವ ಕೊಂಡಿ ಎಲ್ಲಿದೆ ಅಂತ ಕೂಡ ಗೊತ್ತಿಲ್ಲದ ಗಂಡಸರು. ಹತ್ತನೇ ಕ್ಲಾಸಿಗೆ ಬೆಳಕಿನ ಪ್ರತಿಫಲನ, ವಕ್ರೀಭವನ ಪಾಠ ಮಾಡುತ್ತಾ ನನಗೆ ಹತ್ತೊಂಬತ್ತು ವರ್ಷ ಆಯಿತು. "ನಿಮ್ನ ದರ್ಪಣದ ಒಂದು ಉಪಯೋಗ ಬರೆಯಿರಿ" ಅನ್ನೋ ಒಂದು ಅಂಕದ ಪ್ರಶ್ನೆಗೆ "ವಾಹನಗಳ ಹೆಡ್‌ಲೈಟು" ಅಂತ ಎಷ್ಟು ಸಾವಿರ ಸಲ ಟಿಕ್ ಹಾಕಿದ್ದೀನೋ. "ನನ್ ಹತ್ರಾನೇ ಹೇಳಪ್ಪಾ" ಅಂದೆ.

ಅವನು ಹೇಳಿದ್ದು ಇಷ್ಟೇ: ಟಿಕೆಟ್ ಕ್ಲೋಸ್ ಆಗಿದೆ. ಅಂದರೆ ನನ್ನ ದೂರು ಅವರ ಲೆಕ್ಕದಲ್ಲಿ ಮುಗಿದಿದೆ.

ಕಥೆ ಶುರುವಾದದ್ದು ದಸರಾ ರಜೆ ಮುಗಿದ ವಾರ. ನಮ್ಮ ಸ್ಕೂಲ್ ಗ್ರೌಂಡಿನಲ್ಲಿ ಎಂಟನೇ ಕ್ಲಾಸಿನ ಒಬ್ಬ ಸಿಕ್ಸರ್ ಹೊಡೆದ, ಚೆಂಡು ಬಂದು ನನ್ನ ಮಾರುತಿ ಝೆನ್ ಕಾರಿನ ಬಲಗಣ್ಣಿಗೆ, ಅಂದರೆ ಬಲಗಡೆ ಹೆಡ್‌ಲೈಟಿಗೆ, ಬಿತ್ತು. ಹುಡುಗ ಬೆಳ್ಳಗಾಗಿ ಹೋದ. ಬೈಯಲಿಲ್ಲ. ಹೊಡೆತ ನಿಜಕ್ಕೂ ಚೆನ್ನಾಗಿತ್ತು. ಕಾರು ಅಪ್ಪನದು, 2002ರ ಡಿಸೆಂಬರಿನದು, ಅಂದರೆ ಹಳೇ ಗುಂಡು ಮುಖದ ಝೆನ್. ಮಾರನೇ ವರ್ಷ ಮುಖ ಬದಲಾಯಿಸಿದರು, ಆ ಲೈಟು ಇದಕ್ಕೆ ಕೂರಲ್ಲ. ಆರ್‌ಸಿ, ಅಂದರೆ ಗಾಡಿಯ ನೋಂದಣಿ, ಬರುವ ತಿಂಗಳು 19ಕ್ಕೆ ಮುಗಿಯುತ್ತೆ. ರಿನ್ಯೂವಲ್ ಫೀಸು ಈ ಏಪ್ರಿಲ್‌ನಿಂದ 600 ಇದ್ದದ್ದು 5,000 ಆಗಿದೆ. "ಆ ದುಡ್ಡಿಗೆ ಗುಜರಿಗೆ ಹಾಕು" ಅಂತ ಅಪ್ಪನೇ ಅಂದರು. ಅಂದವರೇ ಸಂಜೆ ಮತ್ತೆ ಫೋನ್ ಮಾಡಿ "ಹಾಕ್ಬೇಡ ಕಣವ್ವ" ಅಂದರು.

ಶೋರೂಮಿನಲ್ಲಿ ಸ್ಟಾಕ್ ಇಲ್ಲ, ಬರೋದೂ ಗ್ಯಾರಂಟಿ ಇಲ್ಲ ಅಂದರು. ಬಿ.ಎಂ. ರೋಡಿನ ಹಿಂದಿರುವ ನಮ್ಮ ಮೆಕ್ಯಾನಿಕ್ಕು (ಅವನ ಮಗಳು ನನ್ನ ಕ್ಲಾಸು, ಹಾಗಾಗಿ ಅವನಿಗೂ ನಾನು ಮಿಸ್ಸು) "ಬೆಂಗಳೂರಲ್ಲಿ ಜೆ.ಸಿ. ರೋಡಿಗೆ ಹೋದ್ರೆ ಸಿಗುತ್ತೆ ಮಿಸ್" ಅಂದ. ನಾನು ಬುದ್ಧಿವಂತೆ. ದೀಪಾವಳಿ ಆಫರಿನಲ್ಲಿ ಆನ್‌ಲೈನ್ ಆರ್ಡರ್ ಹಾಕಿದೆ. ಜೋಡಿಗೆ 2,480 ರೂಪಾಯಿ. ಕಂಪನಿ ಮಾಲಲ್ಲ, ಹೊರಗಿನವರು ಮಾಡಿದ್ದು, ಅದು ಗೊತ್ತಿದ್ದೇ ತೆಗೆದುಕೊಂಡದ್ದು. ಅದರಲ್ಲಿ ತಪ್ಪೇನಿಲ್ಲ, ಇಪ್ಪತ್ತು ವರ್ಷದ ಗಾಡಿಗಳು ಓಡುತ್ತಿರೋದೇ ಅಂಥ ಮಾಲಿನ ಮೇಲೆ.

ನವೆಂಬರ್ 2ಕ್ಕೆ ದೆಹಲಿಯಿಂದ ಪಾರ್ಸಲ್ ಬಂತು. 5ನೇ ತಾರೀಖು ಶನಿವಾರ ಹಾಕಿಸಿದೆ. ಮೂರು ಬೋಲ್ಟು, ಒಂದು ಕನೆಕ್ಟರು, ಎಲ್ಲ ಕರೆಕ್ಟಾಗಿ ಕೂತಿತು. ಥಳಥಳ ಅಂತಿತ್ತು. ಸಂಜೆ ಬಾಳ್ಳುಪೇಟೆಗೆ ಹೊರಟೆ, ತವರಿಗೆ. ಸಕಲೇಶಪುರದ ಕಡೆ ಹೈವೇ ಕೆಲಸ ಎಷ್ಟು ವರ್ಷದಿಂದ ನಡೀತಿದೆಯೋ ದೇವರೇ ಬಲ್ಲ. ಒಂದು ಕಡೆ ಕಾಂಕ್ರೀಟು, ಒಂದು ಕಡೆ ಧೂಳು, ನಡುವೆ ಸಿಕ್ಕ ಸಿಕ್ಕಲ್ಲಿ ಡೈವರ್ಷನ್ನು. ಕತ್ತಲಾಯಿತು. ಎದುರಿಗೆ ಬಂದ ಮೊದಲ ಲಾರಿಯವನು ಲೈಟು ತಗ್ಗಿಸು ಅಂತ ಡಿಪ್ ಹೊಡೆದ. ನಾನು ಡಿಮ್ಮಿನಲ್ಲೇ ಇದ್ದೆ. ಎರಡನೆಯವನೂ ಹೊಡೆದ. ನಾಲ್ಕನೆಯವನು ಕಿಟಕಿಯಿಂದ ಮುಖ ಹೊರಗೆ ಹಾಕಿ ಏನೋ ಅಂದು ಹೋದ, ಒಳ್ಳೇ ಮಾತಂತೂ ಅಲ್ಲ. ಅದಕ್ಕಿಂತ ಹೆದರಿಕೆ ಆದದ್ದು ಎಡಗಡೆ. ರಸ್ತೆಯ ಎಡ ಅಂಚು ಪೂರ್ತಿ ಕತ್ತಲು. ತಲೆಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನನಗೆ ಕಂಡದ್ದು ಅವಳ ಪಕ್ಕಕ್ಕೆ ಬಂದಮೇಲೆ. ಆಮೇಲೆ ಮನೆ ಮುಟ್ಟುವವರೆಗೂ ಮೂವತ್ತರ ಮೇಲೆ ಹೋಗಲಿಲ್ಲ.

ಭಾನುವಾರ ಬೆಳಗ್ಗೆ ವಾಪಸ್ ಬಂದವಳೇ ಸಂಜೆಗೆ ಪಕ್ಕದ ಮನೆ ಗೋಡೆ ಕೇಳಿಕೊಂಡೆ, ಹೊಸದಾಗಿ ಸುಣ್ಣ ಬಳಿದದ್ದು. ಹತ್ತು ಮೀಟರ್ ಟೇಪು ಹಿಡಿದು ಕಾರು ನಿಲ್ಲಿಸಿದೆ. ಲೈಟಿನ ನಡುಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಕೂಡು ಗುರುತು, ಅದರಿಂದ ಹತ್ತು ಸೆಂಟಿಮೀಟರ್ ಕೆಳಗೆ ಉದ್ದಕ್ಕೆ ಒಂದು ಗೆರೆ. ಡಿಮ್ ಹಾಕಿದರೆ ಬೆಳಕು ಆ ಗೆರೆಗೆ ಕತ್ತರಿಸಿದ ಹಾಗೆ ನಿಲ್ಲಬೇಕು. ಎಡಗಡೆ ಮಾತ್ರ ಹದಿನೈದು ಡಿಗ್ರಿಯಲ್ಲಿ ಮೇಲಕ್ಕೆ ಏಳಬೇಕು. ನಾವು ಎಡಕ್ಕೆ ಓಡಿಸುವವರು. ಎದುರಿನವನ ಕಣ್ಣಿಗೆ ಬೀಳದೆ, ಎಡ ಅಂಚಿನಲ್ಲಿ ನಡೆಯುವವರು, ದನ, ಮೈಲಿಗಲ್ಲು ಕಾಣಲಿ ಅಂತಲೇ ಆ ಏರು. ನನ್ನ ಲೈಟಿನದು ಬಲಕ್ಕೆ ಏಳುತ್ತಿತ್ತು. ಎರಡೂ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ, ಕಳಚಿಟ್ಟಿದ್ದ ಹಳೇ ಎಡಗಡೆ ಲೈಟು ಹಿಡಿದುಕೊಂಡು ಬಂದ. ಅದೇ ಬಲ್ಬು ಅದಕ್ಕೆ ಹಾಕಿ ಎಡಕ್ಕೆ ಕೂರಿಸಿದೆವು, ಬಲಕ್ಕೆ ಹೊಸದೇ ಇತ್ತು. ಗೋಡೆಯ ಮೇಲೆ ಒಂದು ಬೆಳಕು ಎಡಕ್ಕೆ, ಒಂದು ಬಲಕ್ಕೆ, ಥೇಟ್ ಎಮ್ಮೆ ಕೊಂಬು. "ಅಯ್ಯೋ ಇದೇನ್ ಮಿಸ್, ಇಷ್ಟ್ ವರ್ಷದಲ್ಲಿ ನಾನ್ ಗೋಡೇಗ್ ಬಿಟ್ಟೇ ನೋಡಿರ್ಲಿಲ್ಲ" ಅಂದ. ಸ್ಕ್ರೂ ತಿರುಗಿಸಿ ಸರಿ ಮಾಡೋಣ ಅಂತ ಅರ್ಧ ಗಂಟೆ ಒದ್ದಾಡಿದ. ಸ್ಕ್ರೂ ತಿರುಗಿಸಿದರೆ ಬೆಳಕು ಇಡೀ ಮೇಲೆ ಕೆಳಗೆ, ಆಚೆ ಈಚೆ ಹೋಗುತ್ತೆ. ಕೊಂಬು ಮಾತ್ರ ಪಕ್ಕ ಬದಲಾಯಿಸಲ್ಲ.

ಕೊನೆಗೆ ಕಣ್ಣಿಗೆ ಬಿದ್ದದ್ದು ಬಾಣ. ಹಳೇ ಲೈಟಿನ ಗಾಜಿನ ಮೇಲೆ ಅಚ್ಚಿನಲ್ಲೇ ಮೂಡಿದ ಅಕ್ಷರ, ಅಂಕಿಗಳ ಪಕ್ಕ ಒಂದು ಸಣ್ಣ ಬಾಣ, ಅಕ್ಕಿಕಾಳಿನಷ್ಟು. ಎದುರಿಗೆ ನಿಂತು ನೋಡಿದರೆ ನಮ್ಮ ಬಲಗೈ ಕಡೆ ತೋರಿಸುತ್ತೆ, ಅಂದರೆ ಕಾರಿನ ಎಡಕ್ಕೆ. ಎಡಕ್ಕೆ ಓಡುವ ದೇಶದ ಲೈಟು ಅಂತ ಅದರ ಅರ್ಥ. ಹೊಸದರಲ್ಲಿ ಎಲ್ಲ ಇದೆ, ವೃತ್ತದೊಳಗೆ ‘ಇ’ ಅಕ್ಷರವೂ (ಯುರೋಪಿನ ಮಾನ್ಯತೆಯ ಗುರುತು) ಇದೆ, ಬಾಣ ಇಲ್ಲ. ಬಾಣ ಇಲ್ಲದಿದ್ದರೆ ಬಲಕ್ಕೆ ಓಡುವ ದೇಶದ್ದು. ನಮ್ಮ ಝೆನ್ ಒಂದು ಕಾಲಕ್ಕೆ ಸುಜುಕಿ ಆಲ್ಟೊ ಅನ್ನೋ ಹೆಸರಲ್ಲಿ ಯುರೋಪಿಗೆ ಹೋಗುತ್ತಿತ್ತು. ಅಲ್ಲಿಯವರಿಗೆ ಅಂತ ಮಾಡಿದ ಲೈಟು ಹೇಗೋ ದಾರಿ ತಪ್ಪಿ ಹಾಸನಕ್ಕೆ ಬಂದಿದೆ.

ಇದಿಷ್ಟನ್ನೂ ಬರೆದು, ಫೋಟೋ ಹಾಕಿ ಆ ರಾತ್ರಿಯೇ ಕಳಿಸಿದೆ. ತಪ್ಪು ಮಾಲು ಬರೋದು ದೊಡ್ಡ ಅಪರಾಧ ಅಂತ ನಾನು ಹೇಳಲ್ಲ. ಗೋಡೌನಿನಲ್ಲಿ ಡಬ್ಬಿ ಎತ್ತಿಕೊಡುವ ಹುಡುಗನಿಗೆ ಬಾಣದ ವಿಷಯ ಎಲ್ಲಿ ಗೊತ್ತಿರುತ್ತೆ. ಆಮೇಲೆ ನಡೆದದ್ದು ಕೇಳಿ.

ಮೊದಲು ಚಾಟ್‌ನಲ್ಲಿ ಒಂದು ಗೊಂಬೆ. "ನಿಮ್ಮ ಸಮಸ್ಯೆ ಯಾವುದು? ಒಡೆದಿದೆ, ಬಣ್ಣ ಬೇರೆ, ಸೈಜು ಬೇರೆ." ಬೆಳಕು ಬೇರೆ ಕಡೆ ಬೀಳುತ್ತಿದೆ ಅನ್ನೋದಕ್ಕೆ ಬಟನ್ ಇಲ್ಲ. ಒಡೆದಿದೆ ಅಂತ ಸುಳ್ಳು ಒತ್ತಬೇಕಿತ್ತೇನೋ, ಒತ್ತಲಿಲ್ಲ. ನಾಲ್ಕು ದಿನ ಬಿಟ್ಟು ಇಮೇಲು: ದೋಷ ಕಾಣುವ ಹಾಗೆ ವಿಡಿಯೋ ಕಳಿಸಿ. ಕಳಿಸಿದೆ, ಎಮ್ಮೆ ಕೊಂಬಿನದು. ಅದಕ್ಕೆ ಉತ್ತರ: "ವಿಡಿಯೋದಲ್ಲಿ ಪಾರ್ಟ್ ಗಾಡಿಗೆ ಫಿಟ್ ಮಾಡಿರುವುದು ಕಂಡುಬಂದಿದೆ. ಫಿಟ್ ಮಾಡಿದ ಪಾರ್ಟ್ ವಾಪಸ್ ಪಡೆಯುವುದಿಲ್ಲ." ಫಿಟ್ ಮಾಡದೆ ದೋಷ ತೋರಿಸೋದು ಹೇಗೆ, ತೋರಿಸಿದ ಮೇಲೆ ವಾಪಸ್ ಕೊಡೋದು ಹೇಗೆ? ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ. ಮತ್ತೆ ಬರೆದೆ. "ಫಿಟ್‌ಮೆಂಟ್ ಸರಿ ಇದೆ, ಮೆಕ್ಯಾನಿಕ್ ಹತ್ತಿರ ಬಲ್ಬ್ ಅಲೈನ್‌ಮೆಂಟ್ ಮಾಡಿಸಿ" ಅಂತ ಇನ್ನೊಬ್ಬರು. ಹೆಸರು ಪ್ರತಿ ಸಲ ಬೇರೆ, "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಮಾತ್ರ ಒಂದೇ. ಮಧ್ಯೆ ಮುಂದಿನ ಖರೀದಿಗೆ 200 ರೂಪಾಯಿ ಕೂಪನ್ನೂ ಬಂತು. ಅದರಲ್ಲಿ ಏನು ತೆಗೆದುಕೊಳ್ಳಲಿ, ಇನ್ನೊಂದು ಜೊತೆ ಕೊಂಬಾ?

ಒಬ್ಬರೂ, ನಿಜಕ್ಕೂ ಒಬ್ಬರೂ, ಗಾಜಿನ ಫೋಟೋ ಕಡೆ ನೋಡಲಿಲ್ಲ.

ಆ ಹುಡುಗನಿಗೆ ಇವತ್ತು ಇದನ್ನೆಲ್ಲ ಮೊದಲಿಂದ ಹೇಳಿದೆ. ಕೇಳಿಸಿಕೊಂಡ, ಅದು ಅವನ ದೊಡ್ಡತನ. ಕೊನೆಗೆ "ಮೇಡಂ, ನಮ್ ಸ್ಕ್ರೀನಲ್ಲಿ ಝೆನ್, ಎಲ್ಲ ಮಾಡೆಲ್‌ಗೂ ಅಂತಾನೇ ಬರ್ತಿದೆ" ಅಂದ. ಪಾಪ, ಅವನ ಸ್ಕ್ರೀನಿನಲ್ಲಿ ಇಲ್ಲದ್ದು ಅವನಿಗೆ ಲೋಕದಲ್ಲೂ ಇಲ್ಲ.

ಇವರು ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟು "ಏನಂತೆ?" ಅಂದರು. ಗಂಡಸರು ಬೇಕಂತೆ ಅಂದೆ.

2022 ಡಿಸೆಂಬರ್ 10, ಶನಿವಾರ

ಒಂದು ದಿನ ಸಿಎಲ್ ಹಾಕಿ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿದ್ದೆ. ಮಾಂಡೌಸ್ ಚಂಡಮಾರುತದ ಜಡಿಮಳೆ, ಮೂಳೆ ಕೊರೆಯುವ ಚಳಿ. ಚೀಲದಲ್ಲಿ ಎರಡು ಲೈಟು, ಒಂದು ಹಳೇದು, ಒಂದು ಕೊಂಬಿಂದು. ಟೌನ್‌ಹಾಲ್ ಹತ್ತಿರ ಇಳಿದು ಜೆ.ಸಿ. ರೋಡಿನಲ್ಲಿ ಛತ್ರಿ ಹಿಡಿದು ನಡೆದೆ. ಅಂಗಡಿ ಅಂಗಡಿಗೂ ತೂಗುಹಾಕಿದ ಬಂಪರು, ಸೀಟ್ ಕವರು, ಹಾರ್ನ್ ಟೆಸ್ಟ್ ಮಾಡುವವರ ಗಲಾಟೆ. ಮೂರು ಅಂಗಡಿಯಲ್ಲಿ "ಝೆನ್ನಾ? ಹಳೇದಾ? ಇಲ್ಲ" ಆಯಿತು. ನಾಲ್ಕನೆಯದರಲ್ಲಿ ಅರವತ್ತು ದಾಟಿದ ಯಜಮಾನರು, ನಾನು ಬಾಯಿ ಬಿಡುವ ಮೊದಲೇ ಚೀಲದಿಂದ ಲೈಟು ಎತ್ತಿಕೊಂಡು ಗಾಜಿನ ಮೇಲೆ ಹೆಬ್ಬೆರಳು ಆಡಿಸಿ, "ಇದು ಫಾರಿನ್ ಪೀಸಮ್ಮ, ಯಾರ್ ಕೊಟ್ರು ನಿಮ್ಗೆ?" ಅಂದರು.

ಇಪ್ಪತ್ತಕ್ಕೂ ಹೆಚ್ಚು ಇಮೇಲ್ ಬರೆದ ನನಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ಕೂರಲು ಕುರ್ಚಿ ಇರಲಿಲ್ಲ, ಇದ್ದರೂ ಅವರು ಕೊಡುವವರ ಹಾಗೆ ಕಾಣಲಿಲ್ಲ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಇವರದೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನೋ ಹಾಗಿಲ್ಲ, ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನ ಅನ್ನೋದನ್ನ ಈ ವಾರವಷ್ಟೇ ಓದಿದ್ದೆ. ನಾಲಿಗೆ ತುದಿಗೆ ಬಂದದ್ದನ್ನ ನುಂಗಿಕೊಂಡೆ. ಬಿಲ್ಲನ್ನೂ ಎರಡು ಸಲ ಕೇಳಿದ ಮೇಲೇ ಕೊಟ್ಟದ್ದು. ಆದರೆ ಆ ಮನುಷ್ಯ ಮಾಡಿದ್ದು ನೋಡಿ: ಅಟ್ಟದಿಂದ ಜೋಡಿ ಇಳಿಸಿ, ಕೌಂಟರಿನ ಕೆಳಗಿದ್ದ ಬ್ಯಾಟರಿಗೆ ವೈರು ಕೊಟ್ಟು, ಬಲ್ಬು ಹಾಕಿ, ಅರ್ಧ ಇಳಿಸಿದ್ದ ಶಟರಿನ ಮೇಲೆ ಬೆಳಕು ಬಿಟ್ಟರು. ಶಟರಿನ ಪಟ್ಟಿಗಳ ಮೇಲೆ ಬೆಳಕು ಎಡಕ್ಕೆ ಎದ್ದು ನಿಂತಿತು. "ಆಯ್ತಾ?" ಅಂದರು. ಆಯ್ತು. 3,100, ಒಂದು ರೂಪಾಯಿ ಬಿಡಲಿಲ್ಲ.

ಆನ್‌ಲೈನಿನವರ ಲೆಕ್ಕ ಇನ್ನೂ ಬಾಕಿ ಇದೆ. ಆನ್‌ಲೈನ್ ವ್ಯಾಪಾರದ ಇ-ಕಾಮರ್ಸ್ ನಿಯಮದಲ್ಲಿ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಅಂತ ಇದೆ. ತಿಂಗಳು ತುಂಬಿದ ಮಾರನೇ ದಿನ, ಬುಧವಾರ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಿದೆ. ಗುರುವಾರವೇ ಆನ್‌ಲೈನಿನವರಿಂದ ಮೆಸೇಜು: ನಿಮ್ಮ ಪಿಕಪ್ ಒಪ್ಪಲಾಗಿದೆ. ನಿನ್ನೆ ಹುಡುಗ ಬಂದ, ಒರಿಜಿನಲ್ ಡಬ್ಬಿ ಇಲ್ಲದಿದ್ದರೆ ಆಗಲ್ಲ ಅಂದು ಹೋದ. ಡಬ್ಬಿ ನಮ್ಮ ಒಂಬತ್ತನೇ ಕ್ಲಾಸಿನವರ ಕೈಯಲ್ಲಿ ವಿಜ್ಞಾನ ಮೇಳಕ್ಕೆ ಸೂಜಿರಂಧ್ರ ಕ್ಯಾಮೆರಾ ಆಗಿದೆ, ಒಳಗೆಲ್ಲ ಕಪ್ಪು ಪೇಂಟು. ಸೋಮವಾರ ಅದನ್ನೇ ಇಸಿದುಕೊಂಡು ತೂತಿಗೆ ಟೇಪ್ ಹಚ್ಚಿ ಕೊಡಬೇಕು. ಬಾರ್‌ಕೋಡು ಹೊರಗಿದೆ, ಪುಣ್ಯ.

2022 ಡಿಸೆಂಬರ್ 21, ಬುಧವಾರ

ದುಡ್ಡು ಬಂತು. 2,480ರಲ್ಲಿ ಸಾಗಾಟ ಅಂತ 180 ಹಿಡಿದುಕೊಂಡು 2,300. ಆ 180ಕ್ಕೂ ಬರೆದಿದ್ದೀನಿ, ಬಿಡಲ್ಲ.

ಎಫ್‌ಸಿ (ಗಾಡಿ ತಪಾಸಣೆ) ಆಯಿತು, ಗಾಡಿಗೆ ಇನ್ನೈದು ವರ್ಷ ಆಯುಸ್ಸು. ಮೊನ್ನೆ ರಾತ್ರಿ ಬಾಳ್ಳುಪೇಟೆಯಿಂದ ಬರುವಾಗ ಒಂದೂ ಲಾರಿ ಡಿಪ್ ಹೊಡೆಯಲಿಲ್ಲ. ಪಕ್ಕದ ಮನೆಯವರು ಗೋಡೆ ಮೇಲಿನ ಸೀಮೆಸುಣ್ಣದ ಗೆರೆ ಯಾವಾಗ ಒರೆಸ್ತೀರಿ ಅಂತ ಎರಡನೇ ಸಲ ಕೇಳಿದರು. ಮೆಕ್ಯಾನಿಕ್ಕು ಇನ್ನೂ ಎರಡು ಗಾಡಿ ತಂದು ನೋಡಬೇಕಂತೆ, ಸಂಕ್ರಾಂತಿವರೆಗೆ ಇರಲಿ ಅಂದಿದ್ದೀನಿ.

ಮಲಗುವ ಮುಂಚೆ ಸುಮ್ಮನೆ ಆ ಪೇಜು ತೆಗೆದೆ. "ಝೆನ್, ಎಲ್ಲ ಮಾಡೆಲ್‌ಗೂ" ಹಾಗೇ ಇದೆ, ಅದೇ ಫೋಟೋ. ದೊಡ್ಡದು ಮಾಡಿ ನೋಡಿದೆ, ಗಾಜಿನ ಮೇಲೆ ಬಾಣ ಇಲ್ಲ. ಬೆಲೆ 2,590 ಆಗಿದೆ. ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ "ಇದು ಬಲಕ್ಕೆ ಓಡಿಸುವ ದೇಶದ ಲೈಟು, ಗಾಜಿನ ಮೇಲೆ ಬಾಣ ಇದೆಯಾ ನೋಡಿ ಕೊಳ್ಳಿ" ಅಂತ ಬರೆದು ಫೋಟೋ ಹಾಕಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು, ಇಷ್ಟು ಬೇಗ ಅವರು ಯಾವತ್ತೂ ಉತ್ತರ ಕೊಟ್ಟಿರಲಿಲ್ಲ: ನಿಮ್ಮ ಅಭಿಪ್ರಾಯವನ್ನು ಪ್ರಕಟಿಸಲು ಆಗುತ್ತಿಲ್ಲ.