ನಿಮ್ಮದೇ ಕಥೆ ಬರೆಯಬಾರದೇ?

ನಾನು ಫ್ಯಾನ್ ಫಿಕ್ಷನ್, ಅಂದರೆ ಬೇರೆಯವರು ಸೃಷ್ಟಿಸಿದ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆಗಳನ್ನು ಬರೆಯುತ್ತೇನೆ ಎಂದು ತಿಳಿದ ಕೂಡಲೇ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇಷ್ಟು ಶ್ರಮಪಟ್ಟು ಬರೆಯುವವರು ನಿಮ್ಮದೇ ಪಾತ್ರಗಳನ್ನು ಸೃಷ್ಟಿಸಿ, ನಿಮ್ಮದೇ ಕಥೆ ಬರೆಯಬಾರದೇ?" ಕೇಳುವವರಲ್ಲಿ ಹೆಚ್ಚಿನವರು ನನ್ನ ಬರವಣಿಗೆಯ ಮೇಲಿನ ವಿಶ್ವಾಸದಿಂದಲೇ ಕೇಳುತ್ತಾರೆ ಎಂಬುದು ನನಗೆ ಗೊತ್ತಿದೆ. ಹಾಗಾಗಿಯೇ ಒಂದೆರಡು ಮಾತಿನಲ್ಲಿ ಮುಗಿಸುವ ಬದಲು ಸಾವಧಾನವಾಗಿ ಉತ್ತರಿಸಬೇಕೆನಿಸಿದೆ. ಅದಕ್ಕೆ ಮೊದಲು ನಾನು ಮುಂದುವರಿಸುತ್ತಿರುವ ಸರಣಿಯ ಬಗ್ಗೆ ಸ್ವಲ್ಪ ಹೇಳಬೇಕು.

'ಬ್ಲೇಕ್ಸ್ ಸೆವೆನ್' ಎಂಬ ವೈಜ್ಞಾನಿಕ ಕಾಲ್ಪನಿಕ ಟಿ.ವಿ. ಸರಣಿ 1978ರ ಜನವರಿಯಿಂದ 1981ರ ಡಿಸೆಂಬರ್‌ವರೆಗೆ ಬಿಬಿಸಿಯಲ್ಲಿ ನಾಲ್ಕು ಭಾಗಗಳಲ್ಲಿ, ಒಟ್ಟು 52 ಕಂತುಗಳಾಗಿ ಪ್ರಸಾರವಾಯಿತು. ಟೆರ್ರಿ ನೇಷನ್ ಅವರು ರೂಪಿಸಿದ ಈ ಕಥೆಯಲ್ಲಿ ಫೆಡರೇಶನ್ ಎಂಬ ಕ್ರೂರ ಆಡಳಿತ ಬ್ಲೇಕ್ ಎಂಬ ಬಂಡಾಯಗಾರನ ಮೇಲೆ ಸುಳ್ಳು ಆರೋಪ ಹೊರಿಸಿ, ಅವನನ್ನು ಕೈದಿಗಳ ಗ್ರಹಕ್ಕೆ ಗಡೀಪಾರು ಮಾಡುತ್ತದೆ. ದಾರಿಯಲ್ಲಿ ಯಾರಿಲ್ಲದೆ ತೇಲುತ್ತಿದ್ದ ಲಿಬರೇಟರ್ ಎಂಬ ಬಾಹ್ಯಾಕಾಶ ನೌಕೆ ಅವನ ಕೈಸೇರುತ್ತದೆ. ಜೊತೆಗಿದ್ದ ಕೈದಿಗಳೇ ಅವನ ತಂಡವಾಗುತ್ತಾರೆ. ಅವರಲ್ಲಿ ಏವನ್ ಕಂಪ್ಯೂಟರ್ ತಜ್ಞ, ಬ್ಯಾಂಕಿನ ಹಣ ದೋಚಲು ಹೋಗಿ ಸಿಕ್ಕಿಬಿದ್ದವನು. ವಿಲಾ ಯಾವ ಬೀಗವನ್ನಾದರೂ ತೆಗೆಯಬಲ್ಲ ಕಳ್ಳ, ಪುಕ್ಕಲು ಸ್ವಭಾವದವನು. ಎರಡನೆಯ ಭಾಗದ ಕೊನೆಯಲ್ಲಿ ಬ್ಲೇಕ್ ಕಾಣೆಯಾಗುತ್ತಾನೆ. ಬ್ಲೇಕ್‌ನಿಂದ ಬಿಡುಗಡೆ ಬೇಕೆಂದು ಹೇಳುತ್ತಲೇ ಇದ್ದ ಏವನ್, ಬ್ಲೇಕ್‌ನದ್ದೆಂದು ನಂಬಿಸಿದ ಒಂದು ನಕಲಿ ಸಂದೇಶದ ಬೆನ್ನುಹತ್ತಿ ಹೋಗಿ ವೈರಿಯ ಬಲೆಗೆ ಬೀಳುತ್ತಾನೆ. ಆ ಹುಡುಕಾಟದಲ್ಲೇ ಲಿಬರೇಟರ್ ನಾಶವಾಗುತ್ತದೆ.

ಕೊನೆಯ ಕಂತು ಪ್ರಸಾರವಾದದ್ದು 1981ರ ಡಿಸೆಂಬರ್ 21ರಂದು, ಕ್ರಿಸ್‌ಮಸ್‌ಗೆ ನಾಲ್ಕೇ ದಿನ ಮೊದಲು. ಗೌಡಾ ಪ್ರೈಮ್ ಎಂಬ ಕಾಡುಗ್ರಹದಲ್ಲಿ ಏವನ್‌ಗೆ ನಿಜವಾದ ಬ್ಲೇಕ್ ಎದುರಾಗುತ್ತಾನೆ. ಬ್ಲೇಕ್ ಬಹುಮಾನದ ಆಸೆಗೆ ತಲೆಮರೆಸಿಕೊಂಡವರನ್ನು ಹಿಡಿದುಕೊಡುವವನ ವೇಷದಲ್ಲಿ ತನ್ನ ಬಂಡಾಯಕ್ಕೆ ಜನ ಕೂಡಿಸುತ್ತಿರುತ್ತಾನೆ, ಆದರೆ ಆ ವೇಷವನ್ನೇ ನಿಜವೆಂದು ನಂಬಿದ ಟ್ಯಾರಂಟ್ ಎಂಬ ಏವನ್ ತಂಡದ ಪೈಲಟ್, ಅವನು ನಮ್ಮೆಲ್ಲರನ್ನೂ ಮಾರಿದ್ದಾನೆ ಎಂದು ಏವನ್‌ಗೆ ಹೇಳಿಬಿಡುತ್ತಾನೆ. ಬ್ಲೇಕ್‌ನ ಹೆಸರಿನಲ್ಲಿ ಒಮ್ಮೆ ಮೋಸಹೋಗಿದ್ದ ಏವನ್ ಗುಂಡು ಹಾರಿಸುತ್ತಾನೆ. ಗುಂಡು ತಗುಲಿದರೂ ಬ್ಲೇಕ್ ಅವನತ್ತಲೇ ನಡೆದು ಬಂದು, ಅವನ ತೋಳು ಹಿಡಿದು ಕುಸಿಯುತ್ತಾನೆ. ಆಮೇಲೆ ತಂಡದವರು ಒಬ್ಬೊಬ್ಬರಾಗಿ ನೆಲಕ್ಕುರುಳುತ್ತಾರೆ. ಫೆಡರೇಶನ್ನಿನ ಕಾವಲುಗಾರರು ಸುತ್ತುವರಿದಿರುವಾಗ ಏವನ್ ಬ್ಲೇಕ್‌ನ ದೇಹದ ಮೇಲೆ ನಿಂತು ಬಂದೂಕು ಎತ್ತುತ್ತಾನೆ, ನಗುತ್ತಾನೆ, ಪರದೆ ಕಪ್ಪಾಗುತ್ತದೆ. ಗುಂಡುಗಳ ಸದ್ದು ಮಾತ್ರ ಕೇಳಿಸುತ್ತದೆ. ಟಿ.ವಿ.ಯಲ್ಲಿ ಐದನೆಯ ಭಾಗ ಬರಲೇ ಇಲ್ಲ.

ಆ ದೃಶ್ಯದಲ್ಲಿ ರಕ್ತ ಕಾಣುವುದು ಬ್ಲೇಕ್‌ನ ಮೈಮೇಲೆ ಮಾತ್ರ. ಉಳಿದವರು ಬೀಳುತ್ತಾರೆ, ಆದರೆ ಸತ್ತರೋ ಪ್ರಜ್ಞೆ ತಪ್ಪಿದರೋ ಎಂದು ಖಚಿತವಾಗಿ ಹೇಳುವ ಯಾವ ಗುರುತೂ ಇಲ್ಲ. ಈ ಒಂದು ಸಂದಿಯಿಂದ ಅಭಿಮಾನಿಗಳ ಕಥೆಗಳ ಒಂದು ಪ್ರತ್ಯೇಕ ಪ್ರಕಾರವೇ ಹುಟ್ಟಿಕೊಂಡಿತು. 'ಪೋಸ್ಟ್ ಗೌಡಾ ಪ್ರೈಮ್', ಚಿಕ್ಕದಾಗಿ 'ಪಿ.ಜಿ.ಪಿ.' ಎಂದು ಕರೆಯುವ ಆ ಪ್ರಕಾರದಲ್ಲಿ ನಾಲ್ಕು ದಶಕಗಳಿಂದ ಜನ ಬರೆಯುತ್ತಲೇ ಇದ್ದಾರೆ. ನನ್ನದೂ ಅಂಥದ್ದೇ ಒಂದು ಕಥೆ. ಗುಂಡಿನ ಸದ್ದು ನಿಂತ ಕೆಲವು ನಿಮಿಷಗಳ ನಂತರ, ನೆಲದ ಮೇಲೆ ಬಿದ್ದಿರುವ ವಿಲಾ ಕಣ್ಣು ತೆರೆಯುವಲ್ಲಿಗೆ ಅದು ಶುರುವಾಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಹೆಸರುಗಳನ್ನು ಬದಲಿಸಿ ಇದನ್ನೇ ಸ್ವಂತ ಕಥೆಯಾಗಿ ಬರೆಯಬಹುದಲ್ಲವೇ? ಬರೆಯಲಾಗದು, ಏಕೆಂದರೆ ನಾನು ಹೇಳಬೇಕಾದದ್ದು ಈ ಹೆಸರುಗಳ ಒಳಗೇ ಇದೆ. ಒಂದು ಉದಾಹರಣೆ ಕೊಡುತ್ತೇನೆ. ಅಂತಿಮ ಕಂತಿಗೆ ಎರಡೇ ಕಂತು ಮೊದಲು ಬರುವ 'ಆರ್ಬಿಟ್'ನಲ್ಲಿ ಏವನ್ ಮತ್ತು ವಿಲಾ ಒಂದು ಚಿಕ್ಕ ನೌಕೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ; ತೂಕ ಇಳಿಸದಿದ್ದರೆ ಇಬ್ಬರೂ ಸಾಯುತ್ತಾರೆ. ಸಿಕ್ಕಿದ್ದನ್ನೆಲ್ಲ ಹೊರಗೆಸೆದರೂ ಇನ್ನೂ 70 ಕಿಲೋ ಉಳಿಯುತ್ತದೆ. ಆಗ ಓರಾಕ್ ಎಂಬ ಕಂಪ್ಯೂಟರ್, ವಿಲಾ 73 ಕಿಲೋ ತೂಗುತ್ತಾನೆ ಎಂದು ತಣ್ಣಗೆ ತಿಳಿಸುತ್ತದೆ. ಏವನ್ ಬಂದೂಕು ತೆಗೆದುಕೊಂಡು, ಸಹಾಯಕ್ಕೆ ಬಾ ಎಂದು ಮೃದುವಾದ ದನಿಯಲ್ಲಿ ಕರೆಯುತ್ತಾ ವಿಲಾನನ್ನು ಹುಡುಕುತ್ತಾನೆ. ವಿಲಾ ಒಂದು ಮೂಲೆಯಲ್ಲಿ ಅಡಗಿ ಅಳುತ್ತಾನೆ. ಕೊನೆಗೆ ಹೊರಗೆಸೆಯಲು ಬೇರೊಂದು ಭಾರದ ವಸ್ತು ಸಿಕ್ಕಿ ಅವನು ಬದುಕುತ್ತಾನೆ. ಆದರೆ ಇಬ್ಬರ ನಡುವೆ ಏನು ನಡೆಯಿತು ಎಂಬುದು ಇಬ್ಬರಿಗೂ ಗೊತ್ತು.

ನನ್ನ ಕಥೆಯ ಮೂರನೆಯ ಅಧ್ಯಾಯದಲ್ಲಿ ಇವರಿಬ್ಬರೂ ರಾತ್ರಿ ಕಾಡಿನಲ್ಲಿ ನಡೆಯುತ್ತಿದ್ದಾರೆ. ಕತ್ತಲಲ್ಲಿ ಏವನ್ ಮೆಲ್ಲಗೆ "ವಿಲಾ" ಎಂದು ಕರೆಯುತ್ತಾನೆ. ವಿಲಾ ಉತ್ತರಿಸದೆ ಒಂದು ಮರದ ಹಿಂದೆ ಸರಿದು ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಅಷ್ಟೇ ಬರೆದಿದ್ದೇನೆ, ಕಾರಣ ಬರೆದಿಲ್ಲ. ಆ ಸರಣಿ ನೋಡಿದವರಿಗೆ ಆ ಒಂದು ಕರೆಯಲ್ಲಿ 73 ಕಿಲೋ ತೂಕವೂ ಕೇಳಿಸುತ್ತದೆ. ನಾನೇ ಕಟ್ಟಿದ ಪಾತ್ರಗಳಾಗಿದ್ದರೆ ಈ ಒಂದು ಸಾಲಿಗೆ ಮೊದಲು ನಾನು ನೂರಾರು ಪುಟ ಬರೆಯಬೇಕಿತ್ತು. ಆಗಲೂ ಓದುಗರು ಅವರ ಜೊತೆ ವರ್ಷಗಟ್ಟಲೆ ಬದುಕಿದವರಾಗಿರುತ್ತಿರಲಿಲ್ಲ. ಇದು ಶ್ರಮ ಉಳಿಸುವ ಉಪಾಯವಲ್ಲ. ಒಂದು ಸ್ನೇಹ ಮುರಿದ ಮೇಲೂ ಒಟ್ಟಿಗೇ ನಡೆಯಬೇಕಾಗಿ ಬಂದವರ ಕಥೆಯನ್ನು ಹೇಳಬೇಕಾದರೆ, ಆ ಸ್ನೇಹವನ್ನು ಮೊದಲು ಕಂಡ ಓದುಗರು ಬೇಕು. ಅಂಥ ಓದುಗರು ನನಗೆ ಇಲ್ಲಿ ಸಿಕ್ಕಿದ್ದಾರೆ.

ಶ್ರಮದ ಮಾತು ಬಂದದ್ದರಿಂದ ಹೇಳುತ್ತೇನೆ, ಬೇರೆಯವರ ಲೋಕದಲ್ಲಿ ಬರೆಯುವುದು ಸುಲಭ ಎಂಬ ನಂಬಿಕೆ ಸರಿಯಲ್ಲ. ಸರಣಿಯಲ್ಲಿ ಈಗಾಗಲೇ ಆಗಿಹೋದದ್ದನ್ನು ನಾವು ಕ್ಯಾನನ್ ಎನ್ನುತ್ತೇವೆ. ಅದು ಪ್ರತಿ ಪುಟದಲ್ಲೂ ಅಡ್ಡ ನಿಲ್ಲುತ್ತದೆ. ನನ್ನ ಮೊದಲ ಕರಡಿನಲ್ಲಿ ಏವನ್ ಮತ್ತು ವಿಲಾ ಟೆಲಿಪೋರ್ಟ್, ಅಂದರೆ ಜನರನ್ನು ಕ್ಷಣಮಾತ್ರದಲ್ಲಿ ಬೇರೆಡೆಗೆ ಸಾಗಿಸುವ ನೌಕೆಯ ಯಂತ್ರದ ಮೂಲಕ ತಪ್ಪಿಸಿಕೊಳ್ಳುತ್ತಿದ್ದರು. ನನ್ನ ಬೀಟಾ ರೀಡರ್, ಅಂದರೆ ಪ್ರಕಟಣೆಗೆ ಮೊದಲು ಕರಡು ಓದಿ ತಿದ್ದುವ ಸ್ನೇಹಿತೆ, ಅಂಚಿನಲ್ಲಿ ಒಂದೇ ಸಾಲು ಬರೆದರು: "ಸ್ಕಾರ್ಪಿಯೊ ಅದೇ ಕಂತಿನಲ್ಲಿ ಅಪ್ಪಳಿಸಿ ಬಿದ್ದಿದೆ, ಟೆಲಿಪೋರ್ಟ್ ಎಲ್ಲಿಂದ ಬಂತು?" ಲಿಬರೇಟರ್ ನಾಶವಾದ ನಂತರ ತಂಡ ಬಳಸಿದ ನೌಕೆ ಸ್ಕಾರ್ಪಿಯೊ. ನೌಕೆಯೇ ಇಲ್ಲದ ಮೇಲೆ ಟೆಲಿಪೋರ್ಟ್ ಇರಲು ಸಾಧ್ಯವಿಲ್ಲ. ಎರಡು ಅಧ್ಯಾಯಗಳನ್ನು ಪೂರ್ತಿ ತೆಗೆದುಹಾಕಿ, ಅವರನ್ನು ಕಾಲ್ನಡಿಗೆಯಲ್ಲಿ ಕಾಡಿಗೆ ಕಳುಹಿಸಿದೆ. ಮೇಲೆ ಹೇಳಿದ ಆ ಕತ್ತಲಿನ ಕರೆ ಹುಟ್ಟಿದ್ದು ಆ ಬದಲಾವಣೆಯಿಂದಲೇ. ಓರಾಕ್ ವಿಷಯದಲ್ಲೂ ಹೀಗೆಯೇ. ಅದು ಟೇರಿಯಲ್ ಕೋಶ ಎಂಬ ಬಿಡಿಭಾಗವಿರುವ ಯಾವ ಕಂಪ್ಯೂಟರಿನ ಒಳಗನ್ನಾದರೂ ಓದಬಲ್ಲದು, ಆದ್ದರಿಂದ ಅದು ಕೈಗೆ ಸಿಕ್ಕರೆ ಕಥೆಯ ಅರ್ಧ ತೊಡಕು ಬಿಡಿಸಿಕೊಳ್ಳುತ್ತದೆ. ಆದರೆ ಕೀಲಿ ಹಾಕದೆ ಅದು ಮಾತಾಡುವುದಿಲ್ಲ, ಮತ್ತು ಅಂತಿಮ ದೃಶ್ಯದ ಆ ಕೋಣೆಯಲ್ಲಿ ಅದು ಇಲ್ಲ. ಹಾಗಾದರೆ ಅದು ಎಲ್ಲಿದೆ, ಕೀಲಿ ಯಾರ ಬಳಿ ಇದೆ ಎಂಬುದನ್ನು ನಾನು ಕಂಡುಕೊಳ್ಳಬೇಕಿತ್ತು.

ಮಾತಿನ ವಿಷಯ ಇನ್ನೂ ಕಷ್ಟದ್ದು. ನಾನು ಸಂಭಾಷಣೆ ಬರೆದ ಮೇಲೆ ಹೆಸರುಗಳನ್ನು ಮುಚ್ಚಿ ಓದುತ್ತೇನೆ. ಯಾರ ಮಾತೆಂದು ತಿಳಿಯದಿದ್ದರೆ ಆ ಸಾಲು ನಿಲ್ಲುವುದಿಲ್ಲ. ಕನ್ನಡದಲ್ಲಿ ಬರೆಯುವಾಗ ಮೂಲದಲ್ಲಿ ಇಲ್ಲದ ಒಂದು ನಿರ್ಧಾರವೂ ಮಾಡಬೇಕಾಗುತ್ತದೆ: ಯಾರು ಯಾರಿಗೆ 'ನೀನು' ಎನ್ನುತ್ತಾರೆ, ಯಾರಿಗೆ 'ನೀವು'? ಅಧಿಕಾರಿಗಳು ಫೆಡರೇಶನ್ನಿನ ಸೇನಾಧಿಪತಿ ಸರ್ವಲಾನ್‌ಗೆ 'ನೀವು' ಎನ್ನುವುದರಲ್ಲಿ ಸಂದೇಹವಿಲ್ಲ. ಹಿಂದಿನ ನೆನಪಿನ ಒಂದು ದೃಶ್ಯದಲ್ಲಿ ಏವನ್ ಬ್ಲೇಕ್‌ನನ್ನು 'ನೀವು' ಎಂದು ಕರೆಯುವಂತೆ ಮೊದಲು ಬರೆದಿದ್ದೆ. ಅವರ ನಡುವಿನ ಅಂತರ ಕಾಣಲಿ ಎಂಬ ಉದ್ದೇಶವಿತ್ತು. ಓದಿ ನೋಡಿದರೆ ಅಂತರದ ಬದಲು ಗೌರವ ಕೇಳಿಸಿತು, ಏವನ್ ಯಾರಿಗೂ ಅಷ್ಟು ಸುಲಭವಾಗಿ ಕೊಡದ ಗೌರವ. 'ನೀನು' ಎಂದು ತಿದ್ದಿದ ಮೇಲೆ ಅದೇ ಮಾತಿನಲ್ಲಿ ಅಸಹನೆಯೂ ಸಲಿಗೆಯೂ ಒಟ್ಟಿಗೆ ಬಂದವು.

ಹಾಗೆಯೇ ಒಂದು ಕರಡಿನಲ್ಲಿ ಏವನ್ ಅಳುತ್ತಾ, ಬ್ಲೇಕ್‌ನನ್ನು ಕೊಂದದ್ದು ತನ್ನ ತಪ್ಪು ಎಂದು ಒಪ್ಪಿಕೊಳ್ಳುತ್ತಿದ್ದ. ಅದನ್ನು ಬರೆಯುವಾಗ ನನಗೆ ಸಮಾಧಾನವಾಗಿತ್ತು, ಆದರೆ ಅದು ನನಗೆ ಬೇಕಾಗಿದ್ದ ಸಮಾಧಾನವೇ ಹೊರತು ಏವನ್‌ನ ಮಾತಲ್ಲ. ಈಗ ಆ ಜಾಗದಲ್ಲಿ ವಿಲಾ "ಯಾಕೆ?" ಎಂದು ಕೇಳುತ್ತಾನೆ. ಬಹಳ ಹೊತ್ತಿನ ಮೇಲೆ ಏವನ್ "ಅವನು ನಿಲ್ಲಲಿಲ್ಲ" ಎನ್ನುತ್ತಾನೆ. ಈ ಎರಡು ಪದಗಳಿಗೆ ನನಗೆ ಹಿಡಿದದ್ದು ಒಂದು ತಿಂಗಳು.

ಇಂಥ ಬರವಣಿಗೆ ಇಂಟರ್ನೆಟ್ಟಿನಿಂದ ಹುಟ್ಟಿದ್ದು ಎಂದೂ ಹಲವರು ತಿಳಿದಿದ್ದಾರೆ. 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ತನ್ನ ನೌಕೆಯದು ಐದು ವರ್ಷಗಳ ಯಾನ ಎಂದು ಕಂತಿನ ಆರಂಭದಲ್ಲೇ ಸಾರುತ್ತಿತ್ತು, ಆದರೆ 79 ಕಂತುಗಳ ನಂತರ 1969ರಲ್ಲಿ, ಮೂರನೆಯ ವರ್ಷಕ್ಕೇ ನಿಂತುಹೋಯಿತು. ಅದರ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಫ್ಯಾನ್‌ಜೀನ್, ಅಂದರೆ ಅಭಿಮಾನಿಗಳೇ ನಡೆಸುವ ಪತ್ರಿಕೆ, ಹೊರತಂದದ್ದು 1967ರಲ್ಲಿ, ಸರಣಿ ಇನ್ನೂ ಪ್ರಸಾರವಾಗುತ್ತಿದ್ದಾಗಲೇ. ಉಳಿದ ಎರಡು ವರ್ಷಗಳ ಯಾನವನ್ನು ಅವರ ಹಿಂದೆ ಬಂದವರು ಟೈಪ್ ಮಾಡಿ, ಪ್ರತಿಗಳನ್ನು ತೆಗೆದು, ಅಂಚೆಯಲ್ಲಿ ಹಂಚಿ ನಡೆಸಿದರು. ಅವರಲ್ಲಿ ಬಹುಪಾಲು ಮಹಿಳೆಯರು. ಅವರ ಶ್ರದ್ಧೆ ನೆನೆದಾಗಲೆಲ್ಲ ನನಗೆ ನನ್ನ ಕೆಲಸದ ಮೇಲಿನ ಗೌರವ ಹೆಚ್ಚುತ್ತದೆ.

ಫ್ಯಾನ್ ಫಿಕ್ಷನ್ನನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮುಂದಿಡುವ ವಾದ ಬೇರೊಂದಿದೆ: ಇದು ದೊಡ್ಡ ಬರಹಗಾರರಾಗಲು ಮೆಟ್ಟಿಲು ಎಂಬುದು. ಅದಕ್ಕೆ ಆಧಾರವಿಲ್ಲ ಎನ್ನಲಾಗದು. 'ಡಾಕ್ಟರ್ ಹೂ' 1989ರಲ್ಲಿ ನಿಂತ ಮೇಲೆ, ಪಾಲ್ ಕಾರ್ನೆಲ್ ಅವರು ಫ್ಯಾನ್‌ಜೀನ್‌ಗೆ ಬರೆದಿದ್ದ ಕಥೆಯೇ 1991ರಲ್ಲಿ ಅವರ ಮೊದಲ ಕಾದಂಬರಿಯಾಗಿ ಬೆಳೆಯಿತು. 2005ರಲ್ಲಿ ಸರಣಿ ಮರಳಿದಾಗ ಅದಕ್ಕೇ ಅವರು ಕಂತು ಬರೆದರು. ರೊನಾಲ್ಡ್ ಡಿ. ಮೂರ್ ಅವರು ತಾವಾಗಿಯೇ ಬರೆದುಕೊಟ್ಟ ಒಂದು ಚಿತ್ರಕಥೆಯಿಂದ 'ಸ್ಟಾರ್ ಟ್ರೆಕ್' ತಂಡದ ಒಳಗೆ ಹೋದವರು. ಆದರೂ ಈ ವಾದ ನನಗೆ ಒಪ್ಪಿಗೆಯಿಲ್ಲ. ಮುಂದೇನೋ ಆಗುವುದಕ್ಕಾಗಿ ಮಾತ್ರ ಈ ಕಥೆಗೆ ಬೆಲೆ ಎಂದಾದರೆ, ಈ ಕಥೆಗೆ ಬೆಲೆಯಿಲ್ಲ ಎಂದೇ ಹೇಳಿದಂತಾಯಿತು. ನಾನು ಇದನ್ನು ಬರೆಯುತ್ತಿರುವುದು ಇದಕ್ಕಾಗಿಯೇ.

ಇದು ಕದ್ದ ಆಸ್ತಿಯಲ್ಲವೇ ಎಂದು ಕೇಳುವವರಿಗೂ ಒಂದು ಮಾತು. ಪಾತ್ರಗಳ ಹಕ್ಕು ನನ್ನದಲ್ಲ. ಅದನ್ನು ಕಥೆಯ ತಲೆಯಲ್ಲೇ ಬರೆದಿದ್ದೇನೆ. ಇದರಿಂದ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ, ಹಕ್ಕುದಾರರು ತೆಗೆಯಿರಿ ಎಂದರೆ ತೆಗೆಯುತ್ತೇನೆ. 'ಆರ್ಕೈವ್ ಆಫ್ ಅವರ್ ಓನ್' ಎಂಬ ಅಭಿಮಾನಿಗಳದೇ ಸಂಗ್ರಹವನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನಡೆಸುತ್ತಿದೆ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಾಲ್ಪನಿಕ ಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದದ್ದು ನಮಗೆಲ್ಲ ದೊಡ್ಡ ಸಂತೋಷದ ದಿನ.

ಇನ್ನು, ಬ್ಲೇಕ್‌ನನ್ನು ಬದುಕಿಸಿ ಎಂದು ನನ್ನ ಓದುಗರಲ್ಲಿ ಕೆಲವರು ಮತ್ತೆ ಮತ್ತೆ ಕೇಳುತ್ತಾರೆ. ಅವನನ್ನು ಬದುಕಿಸಿದ ಒಳ್ಳೆಯ ಕಥೆಗಳನ್ನು ನಾನೂ ಓದಿದ್ದೇನೆ, ಮೆಚ್ಚಿದ್ದೇನೆ. ನನ್ನ ಕಥೆಯಲ್ಲಿ ಮಾತ್ರ ಅವನು ಸತ್ತೇ ಇರುತ್ತಾನೆ, ಏಕೆಂದರೆ ಆ ರಕ್ತವನ್ನು ನಾನು ನೋಡಿದ್ದೇನೆ, ಮತ್ತು ಅವನು ಎದ್ದು ಬಂದರೆ ಏವನ್ ಹೊತ್ತು ನಡೆಯುತ್ತಿರುವ ಭಾರ ಅಲ್ಲಿಗೇ ಇಳಿದುಹೋಗುತ್ತದೆ. ಸದ್ಯ ಹದಿನಾಲ್ಕನೆಯ ಅಧ್ಯಾಯದಲ್ಲಿದ್ದೇನೆ. ಒಣಗಿದ ಎಲೆಗಳ ಅಡಿಯಲ್ಲಿ ಅವರಿಗೆ ಓರಾಕ್ ಸಿಕ್ಕಿದೆ. ಏವನ್ ಮಣ್ಣು ಒರೆಸುತ್ತಾ ಕೀಲಿಗಾಗಿ ಸುತ್ತಲೂ ತಡಕಾಡುತ್ತಿದ್ದಾನೆ. ಕೀಲಿ ವಿಲಾನ ಜೇಬಿನಲ್ಲಿದೆ, ಅವನು ಇನ್ನೂ ಬಾಯಿ ಬಿಟ್ಟಿಲ್ಲ.