ಸಮನ್ಸ್ ಬಂದ ಮೇಲೆ ಬರೆಸುವ ದಾನಪತ್ರ

ಶಿರಸಿಯಲ್ಲಿ ಸಿವಿಲ್ ವಕೀಲಿಕೆ ಮಾಡುವ ನನ್ನ ಬಳಿಗೆ ಒಂದು ಕೈಯಲ್ಲಿ ಸಮನ್ಸ್, ಇನ್ನೊಂದರಲ್ಲಿ ಅಡಿಕೆ ತೋಟದ ಪಹಣಿ ಹಿಡಿದುಕೊಂಡು ಬರುವ ಕಕ್ಷಿದಾರರು ಕಡಿಮೆಯೇನಲ್ಲ. ಅವರ ಮಾತು ಹೆಚ್ಚುಕಡಿಮೆ ಒಂದೇ: "ವಕೀಲ್ರೇ, ಕೇಸು ಹೇಗಾದ್ರೂ ಆಗ್ಲಿ, ತೋಟ ಮಾತ್ರ ಈ ವಾರದೊಳಗೆ ಹೆಂಡ್ತಿ ಹೆಸ್ರಿಗೆ ಮಾಡಿಬಿಡ್ವ." ಆಸ್ತಿಯನ್ನು ದಾವೆಗಳಿಂದ ಕಾಪಾಡಿಕೊಳ್ಳಲು ಕಾನೂನಿನಲ್ಲಿ ದಾರಿಗಳಿವೆ, ಆದರೆ ಅವೆಲ್ಲವೂ ಹೊಣೆ ಹುಟ್ಟುವುದಕ್ಕಿಂತ ಮೊದಲು ಹಿಡಿಯಬೇಕಾದ ದಾರಿಗಳು ಎಂಬುದನ್ನು ಅವರಿಗೆ ಮನವರಿಕೆ ಮಾಡಿಸುವುದೇ ಈ ವೃತ್ತಿಯ ಕಷ್ಟದ ಕೆಲಸ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಪ್ರಕಾರ, ಸಾಲ ಕೊಟ್ಟವರಿಗೆ ಸಿಗಬೇಕಾದದ್ದನ್ನು ತಪ್ಪಿಸುವ ಅಥವಾ ವಿಳಂಬಗೊಳಿಸುವ ಉದ್ದೇಶದಿಂದ ಮಾಡಿದ ಸ್ಥಿರಾಸ್ತಿಯ ವರ್ಗಾವಣೆಯನ್ನು, ಬಾಕಿ ಬರಬೇಕಾದವರು ಕೋರಿದರೆ ನ್ಯಾಯಾಲಯ ಅನೂರ್ಜಿತಗೊಳಿಸಬಹುದು. ಬೆಲೆ ಕೊಟ್ಟು ಸದುದ್ದೇಶದಿಂದ ಕೊಂಡವರಿಗೆ ರಕ್ಷಣೆಯಿದೆ. ಬೆಲೆಯೇ ಇಲ್ಲದ ದಾನಕ್ಕೆ ಆ ಆಸರೆ ಇಲ್ಲ. ಉದ್ದೇಶವನ್ನು ಹೇಗೆ ಸಾಬೀತುಪಡಿಸುತ್ತಾರೆಂದು ಕೆಲವರು ಕೇಳುತ್ತಾರೆ. ಋಣಭಾರ ಪತ್ರದಲ್ಲಿರುವ ನೋಂದಣಿಯ ದಿನಾಂಕವನ್ನೂ ಸಮನ್ಸ್ ಜಾರಿಯಾದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು, ಪಾಟೀ ಸವಾಲಿನಲ್ಲಿ "ದಾನ ಕೊಟ್ಟ ಮೇಲೂ ಅಡಿಕೆ ಮಾರಿದ್ದು ಯಾರ ಖಾತೆಯಲ್ಲಿ? ಬೆಳೆಸಾಲ ಯಾರ ಹೆಸರಿನಲ್ಲಿದೆ? ಅಡಿಕೆ ಕೊನೆ ಕೊಯ್ದವರಿಗೆ ಕೂಲಿ ಕೊಟ್ಟವರು ಯಾರು?" ಎಂದು ಮೂರು ಪ್ರಶ್ನೆ ಕೇಳಿದರೆ ಸಾಕು, ದಾನ ಕಾಗದದಲ್ಲಷ್ಟೇ ನಡೆದದ್ದು ಎಂಬುದು ಹೊರಬೀಳುತ್ತದೆ. ಅದಲ್ಲದೆ, ಪ್ರತಿವಾದಿ ಆಸ್ತಿಯನ್ನು ಬೇರೆಯವರ ಕೈಗೆ ದಾಟಿಸುವ ತಯಾರಿಯಲ್ಲಿದ್ದಾನೆಂದು ತೋರಿಸಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಡಿ ತೀರ್ಪಿಗೆ ಮೊದಲೇ ಜಪ್ತಿಯಾಗಬಹುದು. ಆತುರದಲ್ಲಿ ಬರೆಸಿದ ಪತ್ರವೇ ಎದುರಾಳಿಗೆ ಸಾಕ್ಷ್ಯವನ್ನು ಒದಗಿಸಿಕೊಡುತ್ತದೆ.

ನಮ್ಮ ಭಾಗದಲ್ಲಿ ಹೊಣೆ ಬರುವುದು ಎಲ್ಲಿಂದ ಎಂದು ನೋಡಿದರೆ, ದೊಡ್ಡ ವ್ಯಾಪಾರಕ್ಕಿಂತ ಹೆಚ್ಚಾಗಿ ವಾಹನ ಮತ್ತು ಜಾಮೀನು ಸಹಿ ಕಣ್ಣಿಗೆ ಬೀಳುತ್ತವೆ. ದೇವಿಮನೆ ಘಟ್ಟದಲ್ಲೋ ಅರಬೈಲು ಘಟ್ಟದಲ್ಲೋ ಓಡುವ ಲಾರಿಯನ್ನು ಮಾರಿ, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು, ಹಣ ಎಣಿಸಿಕೊಂಡು ನಿಶ್ಚಿಂತರಾದವರು ಎಷ್ಟೋ ಮಂದಿ. ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತವಾದಾಗ ನೋಂದಾಯಿತ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಿಮೆಯ ಅವಧಿ ಮುಗಿದಿದ್ದರೆ ಪರಿಹಾರದ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ. ಎಂದೋ ಮಾರಿದ ಲಾರಿಗಾಗಿ ಇಂದಿನ ತೋಟಕ್ಕೆ ಕುತ್ತು ಬರುತ್ತದೆ.

ಜಾಮೀನಿನದು ಇನ್ನೂ ಕಠಿಣ. "ಬರೀ ಸಹಿ ಅಷ್ಟೇ, ಭಾವ ಕೇಳಿದ, ಇಲ್ಲ ಅನ್ನಲಿಕ್ಕೆ ಆಗಲಿಲ್ಲ" ಎನ್ನುತ್ತಾರೆ. ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದದ್ದು ಎಂದು 1872ರ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಮೊದಲು ಸಾಲಗಾರನ ಮೇಲೆ ಹೋಗಿ ಎನ್ನಲು ಜಾಮೀನುದಾರನಿಗೆ ಅವಕಾಶವಿಲ್ಲ. ಹೊಣೆಯನ್ನು ನಿಗದಿತ ಮೊತ್ತಕ್ಕೆ ಮಿತಿಗೊಳಿಸುವಂತೆ ಸಹಿ ಹಾಕುವ ದಿನವೇ ಕೇಳಬಹುದು ಎಂಬುದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಸಾಮಾನ್ಯ ಪಾಲುದಾರಿಕೆಯಲ್ಲಿಯೂ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನ ಸ್ವಂತ ಆಸ್ತಿ ಹೊಣೆ. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯಡಿ ವ್ಯವಹಾರ ನಡೆಸಿದರೆ ಈ ಹೊಣೆ ಬಹುಮಟ್ಟಿಗೆ ಸಂಸ್ಥೆಗೇ ಸೀಮಿತವಾಗುತ್ತದೆ. ಆದರೆ ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟರೆ ಆ ಸಾಲದ ಮಟ್ಟಿಗೆ ಆ ರಕ್ಷಣೆ ನಿಲ್ಲುವುದಿಲ್ಲ, ವಂಚನೆಗೂ ಅದು ಅನ್ವಯಿಸುವುದಿಲ್ಲ.

ಕಾನೂನು ತಾನಾಗಿ ಕೊಟ್ಟಿರುವ ರಕ್ಷಣೆಗಳೂ ಇವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅಡುಗೆ ಪಾತ್ರೆ, ಬೇಸಾಯದ ಸಲಕರಣೆ, ಕೃಷಿಕ ವಾಸವಾಗಿರುವ ಮನೆ, ಸಾರ್ವಜನಿಕ ಭವಿಷ್ಯ ನಿಧಿ (ಪಿಪಿಎಫ್) ಹಾಗೂ ಸ್ವಂತ ಜೀವವಿಮೆಯ ಹಣವನ್ನು ಜಪ್ತಿಯಿಂದ ಹೊರಗಿಡುತ್ತದೆ. ತೋಟದ ಜಮೀನಿಗೆ ಈ ವಿನಾಯಿತಿ ಇಲ್ಲ. ಅಡವಿಟ್ಟ ಮನೆಗೆ ಇದನ್ನೇ ನಂಬಿ ಕೂರುವಂತೆಯೂ ಇಲ್ಲ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಕಲಂ ಅಡಿ ಗಂಡನು ಹೆಂಡತಿ, ಮಕ್ಕಳಿಗಾಗಿ ತನ್ನ ಮೇಲೆ ಪಾಲಿಸಿ ಮಾಡಿಸಿದರೆ ಅದು ಅವರ ಪರವಾದ ಟ್ರಸ್ಟ್ ಆಗುತ್ತದೆ ಮತ್ತು ಅವನಿಗೆ ಸಾಲ ಕೊಟ್ಟವರು ಅದಕ್ಕೆ ಕೈಹಾಕುವಂತಿಲ್ಲ. ಪಾಲಿಸಿ ಮಾಡಿಸುವಾಗಲೇ ಇದನ್ನು ಬರೆಸಬೇಕು. ಏಜೆಂಟರು ತಾವಾಗಿ ಹೇಳುವುದು ಅಪರೂಪ. ಸಾಲ ಕೊಟ್ಟವರನ್ನು ವಂಚಿಸಲು ಕಂತು ಕಟ್ಟಿದ್ದೆಂದು ಸಾಬೀತಾದರೆ ಆ ಕಂತಿನ ಹಣದ ಮಟ್ಟಿಗೆ ಅವರಿಗೆ ಹಕ್ಕಿದೆ.

ಯಾವ ತಗಾದೆಯೂ ಇಲ್ಲದ ಕಾಲದಲ್ಲಿ, ಉಳಿದ ಆಸ್ತಿಯಿಂದ ತನ್ನ ಬಾಕಿಗಳು ತೀರುವಂತಿದ್ದಾಗ, ಹೆಂಡತಿಗೋ ಮಗಳಿಗೋ ನೋಂದಾಯಿತ ದಾನಪತ್ರ ಮಾಡಿ, ಪಹಣಿಯಲ್ಲಿ ಹೆಸರು ಬದಲಾಯಿಸಿ, ಫಸಲಿನ ಹಣ ಅವರ ಖಾತೆಗೇ ಹೋಗುವಂತೆ ಮಾಡಿದರೆ ಅದನ್ನು ಅಲುಗಾಡಿಸುವುದು ಸುಲಭವಲ್ಲ. ಹೆಂಡತಿಗೆ ಕೊಟ್ಟ ಆಸ್ತಿಯ ತೆರಿಗೆಗೆ ಒಳಪಡುವ ಆದಾಯವನ್ನು ಗಂಡನ ಲೆಕ್ಕಕ್ಕೇ ಸೇರಿಸುತ್ತಾರೆ ಎಂಬುದನ್ನು ಲೆಕ್ಕಪರಿಶೋಧಕರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ಇಂಥ ದಾನ ನಿಜವಾದ ದಾನವೇ. ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯುವಂತಿಲ್ಲ. ಅರವತ್ತು ದಾಟಿದವರು ಕೊಡುವುದಾದರೆ, ತಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಲು ನಾನು ಒತ್ತಾಯಿಸುತ್ತೇನೆ. ಆ ಷರತ್ತು ಮುರಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ ದಾನವನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.